ಘಟ್ಟದ ಮೇಲಿನ ಮೀನು ಹಬ್ಬದ ಅಧ್ಯಕ್ಷರು

ಅವರು ಮೀನನ್ನು ಮೀನು ಎಂದು ಕರೆದದ್ದನ್ನು ನಾನು ಒಮ್ಮೆಯೂ ಕೇಳಲಿಲ್ಲ. 'ಸೀ ಫುಡ್' ಎನ್ನುತ್ತಿದ್ದರು. ಕೊಟ್ಟಿಗೆಹಾರದ ನಮ್ಮ ಹೋಟೆಲಿಗೆ ಮೊದಲ ಸಲ ಬಂದ ದಿನ, ಬಾಗಿಲ ಮೇಲಿದ್ದ 'ಮೀನು ಊಟ ಸಿಗುತ್ತದೆ' ಎಂಬ ಬೋರ್ಡನ್ನು ಕತ್ತೆತ್ತಿ ಓದಿ, "ಇದನ್ನ ಬದಲಾಯಿಸಿ ಅಮ್ಮಾ. ಮೀನು ಅಂದ್ರೆ ಸಂತೆ. ಸೀ ಫುಡ್ ಅಂದ್ರೆ ಅದಕ್ಕೊಂದು ಗತ್ತು" ಎಂದರು. ಆ ಬೋರ್ಡು ಬರೆದವಳು ನಾನೇ. ಬದಲಾಯಿಸಲಿಲ್ಲ.

ಈ ವರ್ಷ ಮಳೆ ಹಿಡಿಯುವ ಮೊದಲು ಅವರು ತೀರಿಕೊಂಡರು. ಹೊಗಳುವವರೆಲ್ಲ ಹೊಗಳಿ ಮುಗಿಸಿದ್ದಾರೆ. ಆ ಕೆಲಸಕ್ಕೆ ನಮ್ಮ ಕಡೆ ಜನ ಕಡಿಮೆಯಿಲ್ಲವಾದ್ದರಿಂದ ನಾನು ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಹೆಸರು ಬರೆಯುವುದಿಲ್ಲ, ಅದರ ಅಗತ್ಯವೂ ಇಲ್ಲ. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿಯ ತಲೆಯವರೆಗೆ 'ಅಧ್ಯಕ್ಷರು' ಎಂದರೆ ಅವರೊಬ್ಬರೇ. ಯಾವುದರ ಅಧ್ಯಕ್ಷರು ಎಂದು ಯಾರೂ ಕೇಳುತ್ತಿರಲಿಲ್ಲ. ಶಾಲೆಯ ಅಭಿವೃದ್ಧಿ ಸಮಿತಿ, ವಾಲಿಬಾಲ್ ಪಂದ್ಯ, ಗಣೇಶೋತ್ಸವ, ಬೆಳೆಗಾರರ ಸಭೆ, ಎಲ್ಲದರಲ್ಲೂ ನಡುವಿನ ಕುರ್ಚಿ ಅವರದೇ. ಅಜ್ಜ ಮಾಡಿಟ್ಟ ಕಾಫಿ ತೋಟವಿತ್ತು, ಅದನ್ನು ನೋಡಿಕೊಳ್ಳಲು ರೈಟರ್ ಇದ್ದರು, ಮೇಸ್ತ್ರಿ ಇದ್ದ. ಅವರಿಗೆ ಉಳಿದ ಕೆಲಸವೆಂದರೆ ಅಧ್ಯಕ್ಷತೆ ವಹಿಸುವುದು.

ಮೈಕು ಕೈಗೆ ಸಿಕ್ಕಿದರೆ ಮೊದಲು ಊದುತ್ತಿದ್ದರು. ಆಮೇಲೆ ಉಗುರಿನಿಂದ ತಟ್ಟುತ್ತಿದ್ದರು. "ಹಿಂದಿನವರಿಗೆ ಕೇಳಿಸ್ತಾ ಇದೆಯಾ?" ಎನ್ನುತ್ತಿದ್ದರು. ಹಿಂದಿನವರು ಇಲ್ಲ ಎಂದು ಕೈಯಾಡಿಸಿದರೂ "ಸಂತೋಷ" ಎಂದು ಶುರು ಮಾಡುತ್ತಿದ್ದರು.

ನಾನು ಕರಾವಳಿಯವಳು. ಮದುವೆಯಾಗಿ ಘಟ್ಟ ಹತ್ತಿ ಬಂದೆ. ಕಾಲೇಜು ಓದಿದ್ದೆ, ಟೀಚರ್ ಆಗಬೇಕೆಂದಿದ್ದೆ, ಆದರೆ ಗಂಡನಿಗೆ ಬೆನ್ನುನೋವು ಹಿಡಿದ ಮೇಲೆ ಹೋಟೆಲಿನ ಒಲೆಯ ಮುಂದೆ ನಾನೇ ನಿಂತೆ. ಧರ್ಮಸ್ಥಳದ ಕಡೆ ಇಳಿಯುವ, ಚಿಕ್ಕಮಗಳೂರಿನ ಕಡೆ ಹೋಗುವ ಬಸ್ಸುಗಳೆಲ್ಲ ನಮ್ಮ ಎದುರೇ ನಿಲ್ಲುತ್ತಿದ್ದವು. ಹಮೀದಣ್ಣ ಬೆಳಗಾಗುವುದರೊಳಗೆ ಕೆಳಗಿನಿಂದ ಪಿಕಪ್‌ನಲ್ಲಿ ಮೀನು ತರುತ್ತಿದ್ದ. ಮೊದಲು ನಮ್ಮಲ್ಲಿಗೆ, ಆಮೇಲೆ ತೋಟದ ಕೂಲಿಯವರಿರುವ ಲೈನುಮನೆಗಳಿಗೆ, ಮಧ್ಯಾಹ್ನದೊಳಗೆ ಆಲ್ದೂರಿಗೆ. ಬದುಕು ಹೀಗೆ ನಡೆಯುತ್ತಿತ್ತು.

ಒಂದು ಬೇಸಿಗೆಯಲ್ಲಿ ಅಧ್ಯಕ್ಷರು ಕರಾವಳಿಯ ಯಾವುದೋ ಸಣ್ಣ ಊರಿಗೆ ನೆಂಟರ ಮನೆಗೆ ಹೋಗಿದ್ದರು. ಅಲ್ಲಿ ವರ್ಷವೂ ಮೇ ತಿಂಗಳಲ್ಲಿ ಕಡಲ ತೀರದಲ್ಲೇ ಮೀನು ಹಬ್ಬ ನಡೆಯುತ್ತದಂತೆ. ಸಾಲಾಗಿ ಅಂಗಡಿ, ದೀಪ, ಹಾಡು, ಊರಿನ ಹೆಂಗಸರೇ ಮಾಡಿದ ಅಡುಗೆ. ಅವರನ್ನು ಅಲ್ಲಿ ಯಾರೂ ವೇದಿಕೆಗೆ ಕರೆಯಲಿಲ್ಲ. ಇದನ್ನು ಅವರ ಡ್ರೈವರೇ ನಮ್ಮ ಹೋಟೆಲಿನಲ್ಲಿ ನಗುತ್ತಾ ಹೇಳಿದ್ದು. ವಾಪಸ್ಸು ಬಂದವರು ನೇರ ನಮ್ಮಲ್ಲಿಗೆ ಬಂದು, ನಿಂತುಕೊಂಡೇ, "ಮುಂದಿನ ಬೇಸಿಗೆಗೆ ಸಮುದ್ರವನ್ನೇ ಘಟ್ಟ ಹತ್ತಿಸ್ತೀನಿ. ಅಡುಗೆ ಜವಾಬ್ದಾರಿ ನಿಮ್ದು" ಎಂದರು.

ಹತ್ತಿಸಿದರು ಕೂಡ. ಹೊಳೆಯ ಮರಳು ತರಿಸಿ ಶಾಲೆಯ ಮೈದಾನದಲ್ಲಿ ಹರಡಿಸಿ ಅದಕ್ಕೆ 'ಬೀಚ್' ಎಂದು ಹೆಸರಿಟ್ಟರು. ಕರಾವಳಿಯಲ್ಲಿ ಯಾರೋ ಮೂಲೆಗೆ ಹಾಕಿದ್ದ ಹಳೆಯ ದೋಣಿಯೊಂದನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ಘಾಟಿಯ ತಿರುವಿನಲ್ಲಿ ಆ ದೋಣಿಯ ಮೂತಿ ಬಂಡೆಗೆ ತಾಗಿ ಲಾರಿ ಅಡ್ಡ ನಿಂತು, ಬಸ್ಸಿನ ಜನ ಇಳಿದು ಬೈದುಕೊಂಡು ನಡೆದರು. ಅಂತೂ ದೋಣಿ ಮೈದಾನಕ್ಕೆ ಬಂತು, ನೀಲಿ ಬಣ್ಣ ಬಳಿಸಿಕೊಂಡಿತು. ಅಧ್ಯಕ್ಷರು ಅದರಲ್ಲಿ ನಿಂತು ಹುಟ್ಟು ಹಿಡಿದು ಫೋಟೊ ತೆಗೆಸಿಕೊಂಡರು. ಹುಟ್ಟು ತಲೆಕೆಳಗಾಗಿತ್ತು. ವರ್ಷವೂ ಎಲ್ಲಾ ಬ್ಯಾನರುಗಳಲ್ಲಿ ಅದೇ ಫೋಟೊ. ಹಬ್ಬ ಮುಗಿದ ಮೇಲೆ ಮಳೆಗಾಲವಿಡೀ ಆ ದೋಣಿಯಲ್ಲಿ ನೀರು ತುಂಬಿ ಕಪ್ಪೆಗಳು ವಟಗುಟ್ಟುತ್ತಿದ್ದವು. ನಾನು ನೋಡಿದ ಹಾಗೆ ಆ ದೋಣಿ ಯಾರಿಗಾದರೂ ಉಪಯೋಗಕ್ಕೆ ಬಂದದ್ದು ಆಗ ಮಾತ್ರ.

ಮೊದಲ ವರ್ಷವೇ ನನ್ನನ್ನು ಪಕ್ಕಕ್ಕೆ ಕರೆದು, "ನೀವು ಆ ಕಡೆಯವರಲ್ವಾ? ಸೀರೆ ಎತ್ತಿ ಕಟ್ಟಿ ತಲೆ ಮೇಲೆ ಬುಟ್ಟಿ ಇಟ್ಕೊಂಡು ಗೇಟಲ್ಲಿ ನಿಂತ್ರೆ ಬಂದವರಿಗೆ ಒಂದು ವಾತಾವರಣ ಸಿಗುತ್ತೆ" ಎಂದರು.

ನನ್ನ ತಾಯಿ ಬಂದರಿನಿಂದ ಮನೆಮನೆಗೆ ಬುಟ್ಟಿ ಹೊತ್ತವಳು. ಬುಟ್ಟಿಯ ನೀರು ಸೋರಿ ಅವಳ ಎಡ ಭುಜದ ಚರ್ಮವೇ ಬೇರೆ ಬಣ್ಣಕ್ಕೆ ತಿರುಗಿತ್ತು. "ನಮ್ಮಮ್ಮ ಬುಟ್ಟಿ ಹೊತ್ತಿದ್ದು ವಾತಾವರಣಕ್ಕಲ್ಲ ಸರ್" ಎಂದೆ.

"ಅದೇ, ಅದೇ. ಅದನ್ನೇ ನಾವು ಗೌರವಿಸ್ತಾ ಇರೋದು" ಎಂದು ಅವರು ನನ್ನ ಮಾತಿಗೇ ತಲೆದೂಗಿದರು.

ನಾನು ಒಪ್ಪದಿದ್ದಾಗ ತಮ್ಮ ತೋಟದ ಲೈನಿನ ಹೆಂಗಸರನ್ನು ಕರೆಸಿ ಬುಟ್ಟಿ ಹೊರಿಸಿದರು. ಬುಟ್ಟಿಯಲ್ಲಿ ಪ್ಲಾಸ್ಟಿಕ್ ಮೀನು. ಅವರಲ್ಲಿ ಲಕ್ಷ್ಮಿ ಎನ್ನುವವಳಿಗೆ ಉಬ್ಬಸ. ಕಾಫಿ ಹಣ್ಣು ಕುಯ್ಯುವಾಗಲೂ ನಾಲ್ಕು ಗಿಡಕ್ಕೊಮ್ಮೆ ನಿಂತು ಉಸಿರೆಳೆದುಕೊಳ್ಳುತ್ತಿದ್ದಳಂತೆ. ಬಿಸಿಲಿನಲ್ಲಿ ಗೇಟಿಗೆ ಒರಗಿ ನಿಂತು, ಬಂದ ಅತಿಥಿಗಳಿಗೆಲ್ಲ ಕೈಮುಗಿದು, ಮಧ್ಯೆ ನನ್ನ ಹತ್ತಿರ ನೀರು ಕುಡಿಯಲು ಬಂದವಳು, "ಅಕ್ಕಾ, ಸಮುದ್ರ ಹೆಂಗಿರ್ತದೆ?" ಎಂದು ಕೇಳಿದಳು. ನಾನು ಮೈದಾನದ ಮರಳಿನ ಕಡೆ ನೋಡಿ, "ಹೀಗಂತೂ ಇರಲ್ಲ" ಎಂದೆ.

ಸುಳ್ಳು ಹೇಳಬಾರದು, ಜನ ಸಂತೋಷಪಟ್ಟರು. ಹಮೀದಣ್ಣ ರಾತ್ರಿಯ ತಂಪಿನಲ್ಲೇ ಘಾಟಿ ಹತ್ತಿಸಿ ತಂದ ಮೀನು ಪೆಟ್ಟಿಗೆಯಲ್ಲಿ ಹೊಳೆಯುತ್ತಿತ್ತು. ನಾನೂ ನನ್ನ ಜೊತೆಯ ಹೆಂಗಸರೂ ಬಂಗುಡೆ ಪುಳಿಮುಂಚಿ, ಕಾಣೆ ಫ್ರೈ, ಸಿಗಡಿ ಸುಕ್ಕ ಮಾಡುತ್ತಿದ್ದೆವು. ಕಳಸದಿಂದಲೂ ಜನ ಬರುತ್ತಿದ್ದರು. ಸಿಗಡಿಯನ್ನು ಹುಟ್ಟಿದಾಗಿನಿಂದ ಕಾಣದವರು ಬೆರಳು ನೆಕ್ಕಿ ಮತ್ತೊಮ್ಮೆ ಸಾಲಿನಲ್ಲಿ ನಿಲ್ಲುತ್ತಿದ್ದರು. ನನಗೆ ಆ ಒಲೆಗಳ ಮುಂದೆ ನಿಲ್ಲುವುದು ಇಷ್ಟವಿತ್ತು. ವರ್ಷವೂ ಹೋದದ್ದು ಅದಕ್ಕೇ ಹೊರತು ಅಧ್ಯಕ್ಷರ ಮುಖ ನೋಡಿಯಲ್ಲ.

ಹಾಗೆ ನೋಡಿದರೆ ಆ ಹಬ್ಬದಲ್ಲಿ ಮೀನು ತಿನ್ನಲು ಬಾರದವರು ಅವರೊಬ್ಬರೇ. ಮುಳ್ಳೆಂದರೆ ಅವರಿಗೆ ಹೆದರಿಕೆ. ಪಕ್ಕದಲ್ಲಿ ಕೂರುತ್ತಿದ್ದ ಅವರ ಮನೆಯವರು, ನಾವೆಲ್ಲ ಅಮ್ಮಾವ್ರು ಎನ್ನುತ್ತಿದ್ದ ಆ ಮೆಲುಮಾತಿನ ಹೆಂಗಸು, ಅಂಜಲ್ ಮೀನಿನ ತುಂಡನ್ನು ಬಿಡಿಸಿ, ಬೆರಳಿನಲ್ಲಿ ಒತ್ತಿ ನೋಡಿ, ಮುಳ್ಳಿಲ್ಲವೆಂದು ಖಚಿತವಾದ ಮೇಲೆ ಅವರ ತಟ್ಟೆಯ ಅಂಚಿಗೆ ಇಡುತ್ತಿದ್ದರು. ಅಧ್ಯಕ್ಷರು ಅದನ್ನು ಬಾಯಿಗಿಟ್ಟು, ಎದುರಿನ ಅತಿಥಿಗೆ ಯಾವ ದೇಶದ ಸೀ ಫುಡ್ ಹೇಗಿರುತ್ತದೆಂದು ವಿವರಿಸುತ್ತಿದ್ದರು. ಅಮ್ಮಾವ್ರ ಊಟ ತಣ್ಣಗಾಗಿರುತ್ತಿತ್ತು.

ಕೊನೆಯ ವರ್ಷ ಹಬ್ಬ ದೊಡ್ಡದಾಗಬೇಕೆಂದು ಅವರಿಗೆ ಅನಿಸಿತು. ಬೆಂಗಳೂರಿನಿಂದ ಅತಿಥಿಗಳು, ಟಿವಿಯವರು. ಹಮೀದಣ್ಣನ ಪಿಕಪ್ ಅವರ ಕಣ್ಣಿಗೆ ಕೊಳಕಾಗಿ ಕಂಡಿತು.

"ಈ ಸಲ ನೀನು ಬೇಡ ಮಾರಾಯ. ಕೂಲಿಂಗ್ ಇರೋ ದೊಡ್ಡ ವ್ಯಾನ್ ಬರುತ್ತೆ, ಅದರ ಮೇಲೆ ನಮ್ಮ ಹಬ್ಬದ ಹೆಸರೇ ಬರೆಸಿದೀವಿ" ಎಂದು ನಮ್ಮ ಹೋಟೆಲಿನಲ್ಲೇ ಅವನಿಗೆ ಹೇಳಿದರು.

ಹಮೀದಣ್ಣ ಚಹಾ ಮುಗಿಸಿ ಲೋಟ ಕೆಳಗಿಟ್ಟು, "ಆಯ್ತು ಸಾರ್. ಬಿಸಿಲು ಏರೋ ಮೊದಲು ಘಾಟಿ ಹತ್ತಿಸಿಬಿಡಿ, ಅಷ್ಟೇ" ಎಂದ. ಅವರಿಗೆ ಕೇಳಿಸಿತೋ ಇಲ್ಲವೋ.

ವ್ಯಾನು ಬೆಳಿಗ್ಗೆಯೇ ಬಂದರಿನಲ್ಲಿ ತುಂಬಿ ಸಿದ್ಧವಾಗಿತ್ತು. ಆದರೆ ಅಧ್ಯಕ್ಷರು ಖುದ್ದಾಗಿ ಹೋಗಿ ಹಸಿರು ಬಾವುಟ ಬೀಸಬೇಕಿತ್ತು. ಅವರು ತಿಂಡಿ ಮುಗಿಸಿ ಘಟ್ಟ ಇಳಿದು ತಲುಪುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕ್ಯಾಮೆರಾದವನು ಬರುವವರೆಗೆ ಮತ್ತಷ್ಟು ಕಾದರು. ಬಾವುಟ ಬೀಸಿ ತಾವು ಕಾರಿನಲ್ಲಿ ಮುಂದೆ ಬಂದುಬಿಟ್ಟರು. ಅವರ ಹಿಂದೆಯೇ ಘಾಟಿಯಲ್ಲಿ ಒಂದು ಲಾರಿ ಮಗುಚಿ ರಸ್ತೆ ಮುಚ್ಚಿತು. ರಜೆಯ ದಿನ, ಪ್ರವಾಸಿಗರ ಕಾರುಗಳು ಸಾಲುಗಟ್ಟಿದ್ದವು. ಆ ಸಾಲಿನ ನಡುವೆ ವ್ಯಾನಿನ ಕೂಲಿಂಗ್ ಕೆಟ್ಟು ನಿಂತಿತು. ಮೀನು ಮೈದಾನಕ್ಕೆ ಬಂದದ್ದು ಸಂಜೆ.

ಪೆಟ್ಟಿಗೆ ತೆಗೆದಾಗ ಐಸ್ ಇರಲಿಲ್ಲ, ಬರಿ ಕೆಂಪು ನೀರಿತ್ತು. ಬಂಗುಡೆಯ ಕಿವಿರು ಎತ್ತಿ ನೋಡಿದೆ, ಕಂದು ಬಣ್ಣ. ಹೊಟ್ಟೆ ಒಡೆದಿತ್ತು. ಬೆರಳೊತ್ತಿದರೆ ಗುಳಿ ಹಾಗೇ ಉಳಿಯಿತು. ನಮ್ಮೂರಿನಲ್ಲಿ ಇಂಥದ್ದನ್ನು ತೆಂಗಿನ ಬುಡಕ್ಕೆ ಹಾಕುತ್ತಾರೆ. ನಾನು ಒಲೆ ಆರಿಸಲು ಹೇಳಿದೆ. ವೇದಿಕೆಯ ಹತ್ತಿರವಿದ್ದ ಅಧ್ಯಕ್ಷರಿಗೆ ಸುದ್ದಿ ಹೋಗಿ ಅವರು ಬಂದರು. ಜೊತೆಗೆ ಅಮ್ಮಾವ್ರೂ ಬಂದರು.

"ಏನಂತೆ?"

"ಮೀನು ಕೆಟ್ಟಿದೆ ಸರ್. ಬಂಗುಡೆ ಪೂರ್ತಿ ಹೋಗಿದೆ. ಮೇಲಿನ ಅಂಜಲ್ ಸ್ವಲ್ಪ ಉಳಿದಿರಬಹುದು, ಅದನ್ನೂ ನಾನು ಮಾಡಲ್ಲ."

"ಸ್ವಲ್ಪ ವಾಸನೆ ಇರುತ್ತಮ್ಮ, ಸೀ ಫುಡ್ ಅಲ್ವಾ? ಖಾರ, ಹುಳಿ ಜಾಸ್ತಿ ಹಾಕಿ. ಗರಿಗರಿ ಹುರೀರಿ."

"ಹುರಿದ್ರೂ ಹೋಗಲ್ಲ. ತಿಂದವರ ಮೈ ಕೆಂಪಾಗಿ ಕಾರ್ಕೊಳ್ತಾರೆ. ನಮ್ಮ ಮನೇಲೇ ಒಂದ್ಸಲ ಆಗಿದೆ."

"ಹೊರಗೆ ಎಷ್ಟು ಜನ ಇದಾರೆ ನೋಡಿದೀರಾ?"

"ನೋಡಿದೀನಿ. ಅದಕ್ಕೇ ಬೇಡ ಅಂತಿರೋದು. ಅನ್ನ, ಸಾರು, ಮೊಟ್ಟೆ ಮಾಡಿಕೊಡ್ತೀನಿ. ಮೀನು ಬರ್ಲಿಲ್ಲ ಅಂತ ಮೈಕಲ್ಲಿ ಹೇಳಿಬಿಡಿ, ಜನಕ್ಕೆ ಅರ್ಥ ಆಗುತ್ತೆ."

ಆ ಮಾತು ಅವರನ್ನು ಚುಚ್ಚಿತು. ಮೈಕಿನಲ್ಲಿ ಇಲ್ಲ ಎಂದು ಹೇಳುವುದು ಅವರಿಗೆ ಗೊತ್ತಿಲ್ಲದ ಭಾಷೆ. ಮುಖ ಗಟ್ಟಿ ಮಾಡಿಕೊಂಡು, "ನಿಮ್ಮಿಂದ ಆಗಲ್ಲ ಅಂದ್ರೆ ನೀವು ಹೊರಡಬಹುದು" ಎಂದರು. ನಾನು ಸೆರಗಿಗೆ ಕೈ ಒರೆಸಿ, ನನ್ನ ಕಾವಲಿ ಎತ್ತಿಕೊಂಡು ಹೊರಟೆ. ನನ್ನ ಜೊತೆಯ ಹೆಂಗಸರೂ ಬಂದರು. ಮೈದಾನದ ಅಂಚಿನಲ್ಲಿ ಸಿಕ್ಕಿದವರಿಗೆಲ್ಲ "ತಿನ್ನಬೇಡಿ, ಮೀನು ಕೆಟ್ಟಿದೆ" ಎನ್ನುತ್ತಲೇ ಬಂದೆ. ಕೆಲವರು ನಂಬಿ ಹಿಂದಿರುಗಿದರು. ಹೆಚ್ಚಿನವರು ಹಣ ಕೊಟ್ಟು ಕೂಪನ್ ತಗೊಂಡಾಗಿತ್ತು. ಆ ಸಲವೂ ಬುಟ್ಟಿ ಹೊತ್ತು ಒಳಗೆ ನಿಂತಿದ್ದ ಲಕ್ಷ್ಮಿ ಮತ್ತು ಅವಳ ಜೊತೆಯ ಹೆಂಗಸರ ಹತ್ತಿರ ನಾನು ಹೋಗಲು ಸ್ವಯಂಸೇವಕರು ಬಿಡಲಿಲ್ಲ.

ಮುಂದಿನದನ್ನು ನಾನು ಗೇಟಿನ ಆಚೆಯಿಂದ ನೋಡಿದೆ. ಪೇಟೆಯಿಂದ ಬಂದಿದ್ದ ಬೇರೆ ಅಡುಗೆಯವರು ಬಂಗುಡೆ ಹುರಿದರು. ಮಸಾಲೆಯ ಘಾಟಿನ ಕೆಳಗೂ ಆ ವಾಸನೆ ಗಾಳಿಗೆ ಬರುತ್ತಿತ್ತು. ಸಾಲಿನಲ್ಲಿ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಟ್ಟೆ ಮುಂದಕ್ಕೆ ಒಡ್ಡಲು ಅನುಮಾನಿಸಿದರು. ಆಗ ಅಧ್ಯಕ್ಷರು ವೇದಿಕೆ ಹತ್ತಿದರು. ಮೈಕು ಊದಿದರು. ಒಂದು ತಟ್ಟೆ ತರಿಸಿಕೊಂಡರು. "ಯಾರೋ ಏನೋ ಹೇಳ್ತಾ ಇದಾರಂತೆ. ನೋಡಿ, ನಿಮ್ಮೆಲ್ಲರ ಎದುರು ಮೊದಲು ನಾನು ತಿಂತೀನಿ" ಎಂದರು. ಬಂಗುಡೆಯನ್ನು ಕೈಯಲ್ಲಿ ಹಿಡಿದು, ಮುಳ್ಳಿನ ಸಮೇತ ಕಚ್ಚಿ, ಕ್ಯಾಮೆರಾದ ಕಡೆ ತಿರುಗಿ ಅಗಿದರು. ಇನ್ನೊಂದನ್ನೂ ತಿಂದರು. ಜನ ಚಪ್ಪಾಳೆ ತಟ್ಟಿದರು. ಸಾಲು ಮುಂದಕ್ಕೆ ಸರಿಯಿತು.

ಕತ್ತಲಾಗುವ ಮೊದಲೇ ಶುರುವಾಯಿತು. ಮೊದಲು ಬಿದ್ದದ್ದು ಅವರೇ. ಮುಖ, ಕುತ್ತಿಗೆ ಒಣಮೆಣಸಿನ ಬಣ್ಣಕ್ಕೆ ತಿರುಗಿ, ಅತಿಥಿಗಳ ಮಧ್ಯದಲ್ಲೇ ಕಾರಿಕೊಂಡು ಕುರ್ಚಿಯಿಂದ ಜಾರಿದರು. ಆಮೇಲೆ ಮರಳಿನ ಮೇಲೆ ಅಲ್ಲಲ್ಲಿ ಜನ ಕುಕ್ಕರಗಾಲಿನಲ್ಲಿ ಕೂತರು, ಮಲಗಿದರು. ಮಕ್ಕಳು ಮೈ ಕೆರೆದುಕೊಂಡು ಅಳುತ್ತಿದ್ದವು. ಜೀಪು, ಆಟೊ, ಪಿಕಪ್ ಯಾವುದು ಸಿಕ್ಕಿದರೆ ಅದರಲ್ಲಿ ಮೂಡಿಗೆರೆಗೆ ಸಾಗಿಸಿದೆವು. ಹಮೀದಣ್ಣ ತನ್ನ ಗಾಡಿಯ ಖಾಲಿ ಮೀನಿನ ಪೆಟ್ಟಿಗೆಗಳನ್ನು ರಸ್ತೆ ಬದಿಗೆ ಇಳಿಸಿ ಜನರನ್ನು ಹತ್ತಿಸಿಕೊಂಡ. ಆಸ್ಪತ್ರೆಯ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೆಚ್ಚಿನವರು ಬೆಳಗಾಗುವಷ್ಟರಲ್ಲಿ ಚೇತರಿಸಿಕೊಂಡರು. ಯಾರ ಜೀವವೂ ಹೋಗಲಿಲ್ಲ.

ಗೇಟಿನಲ್ಲಿ ಬುಟ್ಟಿ ಹೊತ್ತ ಹೆಂಗಸರಿಗೆ ಊಟ ಉಚಿತವಾಗಿತ್ತು. ಹೊಟ್ಟೆ ತುಂಬ ತಿಂದಿದ್ದರು. ಲಕ್ಷ್ಮಿಗೆ ಉಸಿರೇ ಸಿಕ್ಕಲಿಲ್ಲ. ಮೂಗಿಗೆ ಆಕ್ಸಿಜನ್ ಹಾಕಿ ಅವಳನ್ನು ಅದೇ ಘಾಟಿ ಇಳಿಸಿ ಮಂಗಳೂರಿಗೆ ಕರೆದೊಯ್ದರು. ಅವಳು ಉಳಿದು ಬಂದಳು. ಆದರೆ ಕಾಫಿ ಹಣ್ಣಿನ ಮೂಟೆ ಹೊರುವ ಶಕ್ತಿ ಮತ್ತೆ ಬರಲಿಲ್ಲ. ಈಗ ಲೈನಿನಲ್ಲಿ ಬೇರೆಯವರ ಮಕ್ಕಳನ್ನು ನೋಡಿಕೊಳ್ಳುತ್ತಾಳೆ.

ಅಧ್ಯಕ್ಷರು ಆಸ್ಪತ್ರೆಯ ಹಾಸಿಗೆಯಿಂದಲೇ ಪತ್ರಿಕೆಯವರನ್ನು ಕರೆಸಿ ಹೇಳಿಕೆ ಕೊಟ್ಟರು. ಮುಖ್ಯ ಅಡುಗೆಯವರು ಕೊನೆ ಗಳಿಗೆಯಲ್ಲಿ ಬಿಟ್ಟು ಹೋದರು, ಅವರು ಅರೆದಿಟ್ಟು ಹೋದ ಮಸಾಲೆಯ ಬಗ್ಗೆ ಅನುಮಾನವಿದೆ, ಎಂದು. ಮರುದಿನದಿಂದ ನಮ್ಮ ಹೋಟೆಲಿನ ಮುಂದೆ ಬಸ್ಸು ನಿಂತರೂ ಜನ ಎದುರಿನ ಅಂಗಡಿಗೆ ನಡೆದರು. ಅಧಿಕಾರಿಗಳು ಬಂದು ನಮ್ಮ ಮಸಾಲೆ ಡಬ್ಬಿಗಳನ್ನೆಲ್ಲ ತೆಗೆದುಕೊಂಡು ಹೋದರು. ಏನೂ ಸಿಗಲಿಲ್ಲ, ಆದರೆ ಅದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಮಾಡಿದ ಮೀನು ಊಟ ಖರ್ಚಾಗದ ದಿನಗಳನ್ನು ನಮ್ಮ ಹೋಟೆಲು ಕಂಡದ್ದು ಅದೇ ಮೊದಲು.

ನಾನು ಅವರ ಮನೆಗೇ ಹೋದೆ. ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತಿದ್ದರು. "ಬನ್ನಿ ಬನ್ನಿ, ಕಾಫಿ ತಗೊಳ್ಳಿ" ಎಂದರು, ಏನೂ ನಡೆದೇ ಇಲ್ಲವೆಂಬಂತೆ.

"ನನ್ನ ಮಸಾಲೆಯಿಂದ ಆಯ್ತು ಅಂತ ಹೇಳಿದ್ರಂತೆ?"

"ಹಾಗೆ ನೇರವಾಗಿ ಹೇಳ್ಲಿಲ್ಲ ಅಮ್ಮಾ. ಅನುಮಾನ ಅಂದೆ. ನೀವು ಬಿಟ್ಟು ಹೋಗಿದ್ದು ನಿಜ ಅಲ್ವಾ?"

"ಹೋಗಿ ಅಂದಿದ್ದು ನೀವು. ಮೀನು ಕೆಟ್ಟಿದೆ ಅಂತ ಹೇಳಿದ್ದು ನಾನು."

"ನಿಮಗೆ ಹಾಗೆ ಅನ್ನಿಸ್ತು. ನಮಗೆ ಅನ್ನಿಸ್ಲಿಲ್ಲ."

ಕಾಫಿ ತಂದ ಅಮ್ಮಾವ್ರು ತಟ್ಟೆಯನ್ನು ಮೇಜಿನ ಮೇಲಿಟ್ಟು ಅಲ್ಲೇ ನಿಂತರು. "ಇವರಿಗೂ ಗೊತ್ತಿತ್ತು. ವೇದಿಕೆ ಹತ್ತೋ ಮೊದಲು ನನ್ನ ಹತ್ರ ಹೇಳಿದ್ರು, ವಾಸನೆ ಬರ್ತಿದೆ ಕಣೇ ಅಂತ" ಎಂದರು. ದನಿ ಏರಲಿಲ್ಲ, ಇಳಿಯಲಿಲ್ಲ.

ನನಗೆ ನಿಜವಾಗಿ ಆಶ್ಚರ್ಯವಾಯಿತು. "ಗೊತ್ತಿದ್ದೂ ತಿಂದ್ರಾ?" ಎಂದೆ.

ಅಧ್ಯಕ್ಷರು ಹೆಂಡತಿಯ ಮುಖವನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದರು. "ಮತ್ತೇನು ಮಾಡ್ಲಿ? ಅಷ್ಟು ಜನ ನೋಡ್ತಾ ಇದ್ರಲ್ಲ" ಎಂದರು.

ಅಲ್ಲಿಯವರೆಗೆ ಅವರನ್ನು ನಾನು ಸುಳ್ಳ ಎಂದುಕೊಂಡಿದ್ದೆ. ಸುಳ್ಳರನ್ನು ಹೋಟೆಲಿನವರಾದ ನಾವು ದಿನವೂ ನೋಡುತ್ತೇವೆ, ಅವರೊಂದಿಗೆ ಬದುಕುವುದು ಗೊತ್ತು. ಇದು ಬೇರೆ ಜಾತಿಯದು. 'ಕ್ಷಮಿಸಿ, ಈ ಸಲ ಮೀನಿಲ್ಲ' ಎಂದು ಹೇಳುವುದಕ್ಕಿಂತ ವಿಷ ನುಂಗುವುದು ಈ ಮನುಷ್ಯನಿಗೆ ಸುಲಭವಾಗಿತ್ತು. ತಾವೊಬ್ಬರೇ ನುಂಗಿದ್ದರೆ ಅದು ಅವರ ಪಾಡು. ಅವರು ಬಾಯಿಗಿಟ್ಟದ್ದನ್ನು ನೋಡಿ ತಾನೇ ಆ ಸಾಲು ಮುಂದಕ್ಕೆ ಸರಿದದ್ದು.

"ಹಾಗಾದ್ರೆ ಈಗಲಾದ್ರೂ ನಾಲ್ಕು ಜನರ ಎದುರು ನಿಜ ಹೇಳಿ" ಎಂದೆ.

"ಒಳ್ಳೆ ಸಂದರ್ಭ ನೋಡಿ ಹೇಳೋಣ" ಎಂದರು. ಆ ಸಂದರ್ಭ ಅವರಿಗೆ ಕೊನೆಯವರೆಗೂ ಸಿಗಲಿಲ್ಲ.

ಮರುದಿನ ಮಧ್ಯಾಹ್ನ, ಎರಡೂ ದಿಕ್ಕಿನ ಬಸ್ಸುಗಳು ಬಂದು ನಿಂತ ಹೊತ್ತಿನಲ್ಲಿ, ಅಧ್ಯಕ್ಷರ ಕಾರು ನಮ್ಮ ಹೋಟೆಲಿನ ಮುಂದೆ ಬಂದು ನಿಂತಿತು. ಇಳಿದವರು ಅಮ್ಮಾವ್ರು ಒಬ್ಬರೇ. ಕುಟುಂಬದವರಿಗೆಂದು ಒಳಗೆ ಬೇರೆ ಕೋಣೆಯಿತ್ತು, ಅಲ್ಲಿಗೆ ಹೋಗಲಿಲ್ಲ. ರಸ್ತೆಗೆ ಎದುರಾಗಿದ್ದ ಮೇಜಿನಲ್ಲಿ ಕೂತು, "ಮೀನು ಊಟ ಕೊಡಿ. ಬಂಗುಡೆ ಇದೆಯಾ?" ಎಂದರು. ಹಮೀದಣ್ಣ ಬೆಳಿಗ್ಗೆ ತಂದದ್ದಿತ್ತು. ಬಡಿಸಿದೆ. ಅವಸರವಿಲ್ಲದೆ ಮುಳ್ಳು ಬಿಡಿಸಿಕೊಂಡು ತಿಂದರು. ಇನ್ನೊಂದು ಹಾಕಿಸಿಕೊಂಡರು. ಬಸ್ಸಿನ ಜನ, ಅಂಗಡಿಯವರು, ಆಟೊದವರು ಎಲ್ಲರೂ ನಿಂತು ನೋಡಿದರು. ಅವರು ಯಾರ ಕಡೆಯೂ ನೋಡಲಿಲ್ಲ. ಮಾರನೆಯ ದಿನವೂ ಬಂದರು, ಅದರ ಮಾರನೆಯ ದಿನವೂ ಬಂದರು. ವಾರ ಕಳೆಯುವಷ್ಟರಲ್ಲಿ ಅವರಿಗೆ ಕೂರಲು ಮೇಜು ಖಾಲಿ ಮಾಡಿಸಬೇಕಾಯಿತು.

ಅಧ್ಯಕ್ಷರು ಊರಲ್ಲೆಲ್ಲ, "ಪಾಪ, ಆಯಮ್ಮನ ವ್ಯಾಪಾರ ಬಿದ್ದು ಹೋಗಿತ್ತು, ನಾನೇ ನಮ್ಮ ಮನೆಯವರನ್ನ ಕಳಿಸಿದೆ" ಎಂದು ಹೇಳಿಕೊಂಡು ತಿರುಗಿದರು. ಅಮ್ಮಾವ್ರ ಕಿವಿಗೆ ಇದನ್ನು ನಾನೇ ಹಾಕಿದಾಗ ಅವರು ಕೈ ತೊಳೆಯುತ್ತಾ, "ನಾನು ಎಲ್ಲಿಗೆ ಹೋಗ್ತೀನಿ ಅಂತ ಇವತ್ತಿಗೂ ಕೇಳಿಲ್ಲ ಅವರು" ಎಂದಷ್ಟೇ ಹೇಳಿದರು.

ಹಬ್ಬ ಅಲ್ಲಿಗೆ ನಿಂತಿತು. ಅಧ್ಯಕ್ಷರು ಬೇರೆ ಕುರ್ಚಿಗಳಲ್ಲಿ ಕೂತು ಮುಂದುವರಿದರು. ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ.

ಶಾಲೆಯ ಸಭಾಂಗಣದಲ್ಲಿ ನುಡಿನಮನ ಇಟ್ಟಿದ್ದರು. ನಾನು ಹೋದದ್ದು ಅಮ್ಮಾವ್ರಿಗಾಗಿ. ಅವರು ಮುಂದಿನ ಸಾಲಿನಲ್ಲಿ ಕೂತಿದ್ದರು. ತೋಟಕ್ಕೆ ಅರ್ಧ ದಿನ ರಜೆ ಕೊಟ್ಟು ಲೈನಿನವರನ್ನೆಲ್ಲ ಕರೆತಂದು ಹಿಂದೆ ಕೂರಿಸಿದ್ದರು. ಲಕ್ಷ್ಮಿ ನನ್ನ ಪಕ್ಕದಲ್ಲಿದ್ದಳು. ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಎಲ್ಲರ ಬಾಯಲ್ಲೂ ಆ ಸಂಜೆಯೇ. ಕೊನೆಗೆ ಬಂದ ಭಾಷಣಕಾರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಅಂಥ ಧೈರ್ಯ ಯಾರಿಗಿದೆ? ಜನರಿಗೆ ಕೊಡುವ ಮೊದಲು ತಾವೇ ತಿಂದರು. ಪ್ರಾಣದ ಹಂಗು ತೊರೆದು ಮೊದಲ ತುತ್ತು ತಾವು ತಿಂದರು" ಎಂದರು.

"ನಾವೂ ತಿಂದ್ವಲ್ಲ" ಎಂದಳು ಲಕ್ಷ್ಮಿ.

ಜೋರಾಗಿ ಹೇಳಲಿಲ್ಲ. ಜೋರಾಗಿ ಹೇಳುವಷ್ಟು ಉಸಿರು ಅವಳಿಗಿಲ್ಲ. ಆದರೆ ಮೈಕು ಆ ಕ್ಷಣ ಸುಮ್ಮನಿದ್ದುದರಿಂದ ಸಭಾಂಗಣಕ್ಕೆಲ್ಲ ಕೇಳಿಸಿತು. ಜನ ಹಿಂದಕ್ಕೆ ತಿರುಗಿದರು. ಮೇಸ್ತ್ರಿ ಗೋಡೆಯ ಹತ್ತಿರದಿಂದ ಅವಳಿಗೆ ಸುಮ್ಮನಿರಲು ಕೈಸನ್ನೆ ಮಾಡಿದ.

ಮುಂದಿನ ಸಾಲಿನಿಂದ ಅಮ್ಮಾವ್ರು, ತಿರುಗಿ ನೋಡದೆಯೇ, ಭಾಷಣಕಾರರಿಗೆ ಹೇಳಿದರು: "ಹೌದು. ಅವರೂ ತಿಂದ್ರು. ಅದನ್ನೂ ಹೇಳಿ."

ಭಾಷಣಕಾರರು ಕನ್ನಡಕ ಹಾಕಿಕೊಂಡರು, ಮೈಕನ್ನು ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡರು. ಹೇಳಲಿಲ್ಲ.